ಅಕ್ಕ ಹಿತ್ತಲು ಅಗೆದ ವರ್ಷ

ಮೊನ್ನೆ ಕಚೇರಿ ಮುಗಿಸಿಕೊಂಡು ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ತೆರಕಣಾಂಬಿ ಇನ್ನೂ ಸ್ವಲ್ಪ ದೂರವಿದೆ ಅನ್ನುವಾಗಲೇ ಅರಿಶಿನ ಬೇಯಿಸುವ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಹಸಿಮಣ್ಣು, ಹೊಗೆ, ಒಂಥರಾ ಕಹಿ ಎಲ್ಲ ಕಲೆಸಿದ ಆ ವಾಸನೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಮಾಗಿ ಮುಗಿಯುತ್ತ ಬಂದರೆ ಯಾರದಾದರೂ ಹೊಲದಲ್ಲಿ ಕೊಪ್ಪರಿಗೆ ಕುದಿಯುತ್ತಲೇ ಇರುತ್ತದೆ. ಆದರೆ ನನ್ನ ಮೂಗಿಗೆ ಅದು ಬಿದ್ದರೆ ನೆನಪಾಗುವುದು ಒಂದೇ ವರ್ಷ. ನನ್ನ ಗಂಡನ ಅಕ್ಕ ರಾಜಮ್ಮ ದೀಪಾವಳಿಗೆಂದು ತವರಿಗೆ ಬಂದು, ಶಿವರಾತ್ರಿಯವರೆಗೂ ವಾಪಸು ಹೋಗದೆ ಉಳಿದುಕೊಂಡ ವರ್ಷ. ಆ ಚಳಿಗಾಲವೆಲ್ಲ ನಮ್ಮ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಯಾರಿಗೂ ಅರ್ಥವಾಗಿರಲಿಲ್ಲ. ನನಗೆ ಈಗಲೂ ಪೂರ್ತಿ ಅರ್ಥವಾಗಿದೆ ಎಂದು ಹೇಳಲಾರೆ.

ರಾಜಮ್ಮನನ್ನು ನಾನು ಅತ್ತಿಗೆ ಅನ್ನಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಗಂಡ ಕರೆಯುವುದನ್ನು ಕೇಳಿ ನಾನೂ ಅಕ್ಕ ಅಂದೆ, ಅದೇ ನಿಂತುಹೋಯಿತು. ಅಕ್ಕನನ್ನು ಕೊಟ್ಟಿದ್ದು ಹಂಗಳಕ್ಕೆ, ಬಂಡೀಪುರದ ಕಾಡಿನ ಅಂಚಿಗೆ. ಅವಳ ಗಂಡ ಸಿದ್ದರಾಜು ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿದವಳಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಹೊಲ, ಎರಡು ಎಮ್ಮೆ, ಬಾಗಿಲ ಮೆಟ್ಟಿಲವರೆಗೂ ಚೆಂಡು ಹೂ. ಒಬ್ಬಳೇ ಮಗಳು ಕಾವ್ಯ. ಅವಳ ಮದುವೆಯನ್ನು ಆ ವರ್ಷ ಬೇಸಿಗೆಯಲ್ಲಿ ಮಾಡಿ, ಯಳಂದೂರಿನ ಕಡೆಗೆ ಕಳಿಸಿಕೊಟ್ಟಿದ್ದರು. ಅತ್ತೆ ಮಾವ ತೀರಿಕೊಂಡ ಮೇಲೂ ಅಕ್ಕ ಪ್ರತಿ ದೀಪಾವಳಿಗೂ ಬರುವಳು. ಎಣ್ಣೆ ನೀರು ಹಾಕಿಕೊಂಡು, ಹಬ್ಬ ಉಂಡು, ಮೂರನೆಯ ದಿನ ಮಡಿಲಕ್ಕಿ ಕಟ್ಟಿಸಿಕೊಂಡು ಹೊರಡುವಳು.

ಆ ವರ್ಷ ಮೂರನೆಯ ದಿನ ಬೆಳಿಗ್ಗೆ ನಾನು ಮಡಿಲಕ್ಕಿಗೆಂದು ಅಕ್ಕಿ ಅಳೆಯುತ್ತಿದ್ದಾಗ, ಹಿತ್ತಲಿನಿಂದ ಗುದ್ದಲಿಯ ಸದ್ದು ಕೇಳಿತು. ಹೋಗಿ ನೋಡಿದರೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲ ಅಗೆಯುತ್ತಿದ್ದಾಳೆ. ನಮ್ಮ ಹಿತ್ತಲು ಅಂದರೆ ಒಡೆದ ಡ್ರಮ್ಮು, ಮನೆ ಕಟ್ಟಿ ಉಳಿದ ಇಟ್ಟಿಗೆ, ತಗಡು, ಬಟ್ಟೆ ಒಣಗಿಸುವ ತಂತಿ. ಅಷ್ಟೆ. ಆ ಇಟ್ಟಿಗೆಯನ್ನೆಲ್ಲ ಅವಳು ಗೋಡೆ ಮಗ್ಗುಲಿಗೆ ಜೋಡಿಸಿ ಆಗಿತ್ತು.

"ಏನಕ್ಕ ಇದು, ಬಸ್ಸಿಗೆ ಹೊತ್ತಾಗಲ್ವಾ?" ಅಂದೆ.

"ನಾ ಈಗ ಓಗಲ್ಲ ಕಣಮ್ಮಿ," ಅಂದಳು ಬೆನ್ನು ಎತ್ತದೆ. "ಸಿವರಾತ್ರಿಗ ಮಾದಪ್ಪನ ಬೆಟ್ಟಕ್ಕ ನಡ್ಕಂಡು ಓಯ್ತೀನಿ. ಅಲ್ಲೀಗಂಟ ಇಲ್ಲೇ ಇರ್ತೀನಿ."

ನನ್ನ ಗಂಡ ನಾಗರಾಜು ಹಲ್ಲುಜ್ಜುತ್ತ ಬಂದವನು ಅಲ್ಲೇ ನಿಂತ. "ಶಿವರಾತ್ರಿಗ ಇನ್ನೂ ಎಷ್ಟು ತಿಂಗಳದ! ನಡ್ಯದಾದ್ರ ಹಂಗಳದಿಂದ ನಡ್ಯಕ್ಕಾಗಲ್ವಾ?"

"ಆಯ್ತದ," ಅಂದಳು ಅಕ್ಕ. ಮತ್ತೆ ಗುದ್ದಲಿ ಎತ್ತಿದಳು.

ಗಂಡ ಸಂಜೆಯೇ ಭಾವನಿಗೆ ಫೋನು ಮಾಡಿದ. ಜಗಳವೇನಾದರೂ ಆಯಿತೇ ಎಂದು ಸುತ್ತಿ ಬಳಸಿ ಕೇಳಿದ. ಆ ಕಡೆಯಿಂದ ಸಿದ್ದರಾಜು, "ಜಗಳ ಏನೂ ಇಲ್ಲ ಕಣಪ್ಪ. ಇರ್ಲಿ ಬುಡು. ಅವ್ಳಿಗ ಬರ್ಬೇಕು ಅನ್ಸಿದಾಗ ಬತ್ತಾಳ," ಅಂದನಂತೆ. ಫೋನು ಇಟ್ಟ ಮೇಲೆ ಗಂಡ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಜಗಳವಾಗಿದ್ದರೆ ಬಿಡಿಸಬಹುದಿತ್ತು. ಏನೂ ಆಗಿಲ್ಲ ಅಂದರೆ ಏನು ಮಾಡುವುದು?

ಕಾರ್ತಿಕದ ಚಳಿ ಹಿಡಿಯತೊಡಗಿತು. ನಾನು ಬೆಳಿಗ್ಗೆ ತಾಲ್ಲೂಕು ಕಚೇರಿಗೆ ಹೊರಡುವಷ್ಟರಲ್ಲಿ ಹಿತ್ತಲಿನಲ್ಲಿ ಏನಾದರೊಂದು ಹೊಸದು ಕಾಣುತ್ತಿತ್ತು. ಕೊತ್ತಂಬರಿಯ ಮಡಿ, ಮೆಂತ್ಯದ ಮಡಿ, ಕೀರೆ, ದಂಟು. ಪಾತ್ರೆ ತೊಳೆದ ನೀರು ಹೋಗುವ ದಾರಿಗೆ ಬಾಳೆಕಂದು. ಇಟ್ಟಿಗೆ ರಾಶಿ ಇದ್ದ ಕಡೆ ಅವರೆ ಬಳ್ಳಿಗೆ ಚಪ್ಪರ. ಮುಂದಿನ ಅಮಾವಾಸ್ಯೆ ಕಳೆದು ಹುಣ್ಣಿಮೆ ಬರುವಷ್ಟರಲ್ಲಿ ನಮ್ಮ ಮನೆಗೆ ಅಂಗಡಿಯಿಂದ ಸೊಪ್ಪು ತರುವುದು ನಿಂತಿತು. ಸಂಜೆ ಬಸ್ಸಿಳಿದು ಬಂದರೆ ಬಸ್ಸಾರಿನ ಘಮ ಬೀದಿಗೇ ಬರುತ್ತಿತ್ತು. ನನ್ನ ಇಬ್ಬರು ಮಕ್ಕಳು, ಸೊಪ್ಪು ಕಂಡರೆ ಮೂತಿ ತಿರುಗಿಸುವವರು, ರಾಜಮ್ಮತ್ತೆ ಬಡಿಸಿದರೆ ಎರಡನೆಯ ಮುದ್ದೆ ಮುರಿಯುತ್ತಿದ್ದರು.

ಸುಖವಾಗಿತ್ತು. ಆದರೆ ಆ ಸುಖದೊಳಗೆ ನನಗೆ ಒಂದು ಕಸಿವಿಸಿ ಹತ್ತಿಕೊಂಡಿತು. ಆ ಜಾಗಕ್ಕೆ ಸಿಮೆಂಟು ಹಾಕಿಸಬೇಕು, ಬಟ್ಟೆ ಒಗೆಯುವ ಮೆಷಿನ್ ತಂದು ಅಲ್ಲಿಡಬೇಕು ಎಂದು ನಾನು ಎಷ್ಟೋ ಕಾಲದಿಂದ ಅಂದುಕೊಂಡಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವ ಅಗತ್ಯವಿದೆ ಎಂದೂ ಅನ್ನಿಸಿರಲಿಲ್ಲ. ಈಗ ನನ್ನ ಅಡುಗೆಮನೆಯ ಬಾಗಿಲು ತೆರೆದರೆ ಇನ್ನೊಬ್ಬಳ ತೋಟ. ಕೊತ್ತಂಬರಿ ಕಿತ್ತುಕೊಳ್ಳುವಾಗಲೂ "ಅಕ್ಕ, ಕಿತ್ಕೊಳ್ಲಾ?" ಎಂದು ಕೇಳುತ್ತಿದ್ದೆ. ಅವಳು, "ಇದೇನ್ ನನ್ನ ಕೇಳ್ತೀಯಮ್ಮಿ," ಅನ್ನುತ್ತಿದ್ದಳು. ಯಾರು ಯಾರನ್ನು ಕೇಳಬೇಕೋ ಇಬ್ಬರಿಗೂ ತಿಳಿಯದು. ಅವಳು ನೆಂಟಳೋ ಮನೆಯವಳೋ, ನಾನು ಮನೆಯವಳೋ ನೆಂಟಳೋ, ಕೆಲವು ಬೆಳಗು ನನಗೆ ನಿಜವಾಗಿಯೂ ಗೊಂದಲವಾಗುತ್ತಿತ್ತು.

ಸಿದ್ದರಾಜಣ್ಣ ಭಾನುವಾರ ಭಾನುವಾರ ಬರುತ್ತಿದ್ದ. ಗಂಡನಿಗೆ ಭಾವನಾದವನು ನನಗೆ ಅಣ್ಣನ ಲೆಕ್ಕ. ಸ್ಟೀಲ್ ಕ್ಯಾನಿನಲ್ಲಿ ಎಮ್ಮೆ ಹಾಲು ತಂದು ನನ್ನ ಕೈಗೆ ಕೊಟ್ಟು ಜಗಲಿಯಲ್ಲಿ ಕೂರುವನು. ಅಕ್ಕ ಕಾಫಿ ತಂದುಕೊಟ್ಟು ಕಂಬಕ್ಕೆ ಒರಗಿ ನಿಲ್ಲುವಳು.

"ದೊಡ್ಡ ಎಮ್ಮ ಗಬ್ಬ ನಿಂತದ," ಅನ್ನುವನು.

"ಹೂಂ. ಹಿಂಡಿ ಜಾಸ್ತಿ ಹಾಕಿ."

"ಹಂದಿ ಕಾಟ ಈ ಸಲ."

"ಬೇಲಿ ಮ್ಯಾಲ ಮುಳ್ಳು ಎಳೀಬೇಕು."

ಆಮೇಲೆ ಅವನು ಲೋಟ ಕೆಳಗಿಟ್ಟು, "ಓಗನ್ವಾ?" ಅನ್ನುವನು. ಅವಳು, "ಸಿವರಾತ್ರಿ ಆಗ್ಲಿ," ಅನ್ನುವಳು. ಅವನು ತಲೆಯಾಡಿಸಿ ಹಿತ್ತಲಿಗೆ ಹೋಗಿ ಮಡಿಗಳನ್ನೆಲ್ಲ ನೋಡಿ, "ಕೊತ್ತಂಬ್ರಿಗ ನೀರು ಜಾಸ್ತಿ ಆಯ್ತು," ಎಂದು ಹೇಳಿ ಬೈಕು ಹತ್ತುವನು. ಗಂಡ ಹೆಂಡತಿ ಮುನಿಸಿಕೊಂಡಿದ್ದರೆ ಹೀಗೆ ಮಾತಾಡುವರೇ? ಮುನಿಸಿಲ್ಲದಿದ್ದರೆ ಹೀಗೆ ಬೇರೆ ಇರುವರೇ?

ಪುಷ್ಯ ಮಾಸದಲ್ಲಿ ಅಕ್ಕ ಸಂತೆಯಿಂದ ನಿಂಬೆಸಸಿ ತಂದಳು. ಹಿತ್ತಲಿನ ಮೂಲೆಯಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಗೊಬ್ಬರ ಹಾಕಿ ನೆಟ್ಟಳು. ಸೊಪ್ಪಿನ ವಿಷಯ ಬೇರೆ, ತಿಂಗಳಿಗೆ ಬಂದು ಹೋಗುತ್ತದೆ. ನಿಂಬೆ ಹಾಗಲ್ಲ.

"ಅದು ಹಣ್ಣು ಬಿಡಕ್ಕೆ ವರ್ಷಗಟ್ಟಲೆ ಬೇಕಲ್ಲಕ್ಕ?" ಎಂದು ಕೇಳಿದೆ.

"ಬೇಕು," ಅಂದಳು, ಬುಡದ ಮಣ್ಣು ತುಳಿಯುತ್ತ.

ಊರಿನವರಿಗೆ ಇಷ್ಟು ಸಾಕಾಯಿತು. ಬೀದಿಯ ನಲ್ಲಿಯ ಹತ್ತಿರ, ಡೈರಿಯ ಹತ್ತಿರ ಮಾತು ಹುಟ್ಟಿತು: ರಾಜಮ್ಮ ಭಾಗ ಕೇಳಕ್ಕೆ ಬಂದವ್ಳೆ. ಮಗಳ ಮದುವೆ ಮಾಡಿ ಕೈ ಖಾಲಿಯಾಗಿದೆ, ಅದಕ್ಕೇ ತವರಲ್ಲಿ ಬೇರು ಬಿಡುತ್ತಿದ್ದಾಳೆ. ನನ್ನ ಗಂಡ ಅದನ್ನು ಕೇಳಿಕೊಂಡು ಬಂದು ನನ್ನನ್ನು ಕೇಳಿದ, "ಕಾನೂನ್ ಏನ್ ಹೇಳ್ತದ?" ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವವಳಿಗೆ ಎಲ್ಲವೂ ಗೊತ್ತಿರುತ್ತದೆಂದು ಅವನ ನಂಬಿಕೆ. ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಅಂದೆ. ಅವನು ಅನ್ಯಾಯದ ಮನುಷ್ಯನಲ್ಲ. ಆದರೆ ಇರುವುದು ಎರಡೂವರೆ ಎಕರೆ, ಒಂದು ಗೂಡ್ಸ್ ಆಟೋ, ಈ ಮನೆ. ಅವನ ಮುಖ ಸಣ್ಣದಾಯಿತು. ನನಗೂ ಏನು ಬೇಕಿತ್ತೋ ತಿಳಿಯಲಿಲ್ಲ. ಅಕ್ಕ ಹೋಗಲಿ ಅನ್ನಿಸುತ್ತಿತ್ತು. ಹೋದರೆ ಸಂಜೆ ಬಾಗಿಲಲ್ಲಿ ಆ ಬಸ್ಸಾರಿನ ಘಮ ಇರುವುದಿಲ್ಲವಲ್ಲ ಎಂದೂ ಅನ್ನಿಸುತ್ತಿತ್ತು.

ಅರಿಶಿನ ಬೇಯಿಸುವ ಕಾಲ ಬಂತು. ರಜೆಯ ದಿನ ನಾನು ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋಗಿದ್ದೆ. ಕೊಪ್ಪರಿಗೆ ಕುದಿಯುತ್ತಿತ್ತು. ಅಕ್ಕ ಒಣಗಿದ ತರಗನ್ನು ಒಲೆಗೆ ತುರುಕುತ್ತಿದ್ದಳು. ಹೊಗೆಗೆ ಎಲ್ಲರ ಕಣ್ಣೂ ಕೆಂಪು. ಗಂಡ ಗೋಣಿಚೀಲ ಕೊಡವುತ್ತಿದ್ದವನು ಇದ್ದಕ್ಕಿದ್ದಂತೆ ಅದನ್ನು ಕೆಳಗೆ ಹಾಕಿದ.

"ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ನಿಂಗ ಭಾಗ ಗೀಗ ಏನಾರ ಬೇಕಾ?"

"ಏನಂದೆ?"

"ಜನ ಅಂಗಂತಾವ್ರ. ನಿನ್ನ ಹಕ್ಕು ಅದು, ನಾ ಇಲ್ಲ ಅನ್ನಲ್ಲ. ಬಾಯ್ಬುಟ್ಟು ಹೇಳ್ಬುಡು ಅಷ್ಟೆ."

ಅಕ್ಕ ನಕ್ಕಳು. "ಭಾಗ ಇಸ್ಕಂಡು ನಾ ಏನ್ ಮಾಡ್ಲಾ? ಗಂಟು ಕಟ್ಟಿ ತಲ ಮ್ಯಾಲ ಹೊತ್ಕಂಡು ಬೆಟ್ಟ ಹತ್ಲಾ?" ನಗುತ್ತ ನಗುತ್ತ ಅರ್ಧಕ್ಕೇ ನಿಲ್ಲಿಸಿದಳು. ಕೈಯ ಮಸಿ ಸೀರೆಗೆ ಒರೆಸಿಕೊಂಡಳು. "ಇಷ್ಟ್ ದಿಸ ನಾ ಸೊಪ್ಪು ಬೆಳೀತಾ ಇವ್ನಿ ಅಂದ್ಕಂಡಿದ್ದೆ ಕಣ್ಲಾ ನಾಗ. ನೀವು ಜಮೀನು ಅಳೀತಾ ಇದ್ರಾ?"

ಗಂಡ ಏನೋ ಹೇಳಲು ಹೋದ. ಅವಳು ತರಗು ತರಲು ಕಣದ ಕಡೆ ಹೋಗಿಬಿಟ್ಟಳು. ಆ ದಿನವೇ ಹಂಗಳಕ್ಕೆ ಹೊರಟುಬಿಡುತ್ತಾಳೆ ಎಂದುಕೊಂಡೆ. ಹೊರಡಲಿಲ್ಲ. ಸಂಜೆ ಎಂದಿನಂತೆ ಮಡಿಗಳಿಗೆ ನೀರು ಹಾಕಿದಳು. ಮಾತು ಮಾತ್ರ ಕಡಿಮೆಯಾಯಿತು.

ಮಾಘ ಬಂದ ಮೇಲೆ ಬೆಟ್ಟದ ತಯಾರಿ. ಮನೆಯಲ್ಲಿ ಬಾಡೂಟ ನಿಂತಿತು. ಅಕ್ಕ ಚಾಪೆಯ ಮೇಲೆ ಮಲಗತೊಡಗಿದಳು. ಬೆಳಗಿನ ಮಂಜಿನಲ್ಲಿ ಬರಿಗಾಲಲ್ಲಿ ರಸ್ತೆಯಂಚಿಗೆ ನಡೆದು ಅಭ್ಯಾಸ ಮಾಡುವಳು. ಒಂದು ದಿನ, "ನೀನೂ ಬಾಮ್ಮಿ," ಅಂದಳು. ನಡೆಯಲೋ ಬೆಟ್ಟಕ್ಕೋ ಎಂದು ಕೇಳಲಿಲ್ಲ, ಚಪ್ಪಲಿ ಬಿಟ್ಟು ಹೊರಟೆ. ಜಲ್ಲಿಕಲ್ಲು ಚುಚ್ಚಿ ಪ್ರಾಣ ಹೋಗುವಂತಾಯಿತು. ಮನೆಗೆ ಬಂದ ಮೇಲೆ ಅವಳೇ ನನ್ನ ಅಂಗಾಲಿಗೆ ಹರಳೆಣ್ಣೆ ತಿಕ್ಕಿದಳು. ಹೀಗೆ ಯಾವಾಗ ಒಪ್ಪಿಕೊಂಡೆನೋ ತಿಳಿಯದೆ ನಾನೂ ಹೊರಡುವವಳಾದೆ. ಕಚೇರಿಯಲ್ಲಿ ರಜೆ ಹಾಕಿದೆ. ರಾಗಿ ಹುರಿದು ಬೀಸಿ ಹುರಿಹಿಟ್ಟು ಮಾಡಿದೆವು, ಹುಣಸೆ ಗೊಜ್ಜು ಕುದಿಸಿ ಡಬ್ಬಿಗೆ ತುಂಬಿದೆವು, ಕಾಣಿಕೆಯನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿದೆವು. "ಏನು ಹರಕೆ ಅಕ್ಕ?" ಎಂದು ಆಗ ಕೇಳಿದೆ. "ಹೊತ್ಕಂಡ್ರ ತಾನೇ ಹೇಳದು," ಅಂದಳು. ಹರಕೆಯೇ ಇಲ್ಲದೆ ಅಷ್ಟು ದೂರ ಯಾರು ನಡೆಯುತ್ತಾರೆ?

ಹೊರಡುವ ಬೆಳಿಗ್ಗೆ ನಮ್ಮೂರಿನ ತಂಡ ಬಸ್ ನಿಲ್ದಾಣದ ಹತ್ತಿರ ಸೇರಿತ್ತು. ಗಂಡ ಗೂಡ್ಸ್ ಆಟೋದಲ್ಲಿ ಎಲ್ಲರ ಗಂಟುಮೂಟೆ, ಅಕ್ಕಿ, ಪಾತ್ರೆ ಹೇರಿಕೊಂಡಿದ್ದ. ಕರ್ಪೂರ ಹಚ್ಚಿ "ಉಘೇ ಮಾದಪ್ಪ" ಅನ್ನುವಷ್ಟರಲ್ಲಿ ಹಂಗಳದ ಕಡೆಯಿಂದ ಬಂದ ಬೈಕೊಂದು ನಿಂತಿತು. ಸಿದ್ದರಾಜಣ್ಣ ಇಳಿದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಸಣ್ಣ ಬ್ಯಾಗು, ಬರಿಗಾಲು. ಬೈಕನ್ನು ಪರಿಚಯದ ಅಂಗಡಿಯ ಮುಂದೆ ನಿಲ್ಲಿಸಿ ಬೀಗ ಹಾಕಿದ. ಯಾರೂ ಅವನನ್ನು ಕರೆದಿರಲಿಲ್ಲ. ಅಕ್ಕ ಅವನನ್ನು ನೋಡಿದಳು, ಅವನ ಪಾದ ನೋಡಿದಳು. "ಎಣ್ಣ ತಿಕ್ಕಂಡ್ರಾ?" ಅಂದಳು. "ಇಲ್ಲ," ಅಂದ. ಅವಳು ಆಟೋದಲ್ಲಿದ್ದ ಬ್ಯಾಗಿನಿಂದ ಹರಳೆಣ್ಣೆ ಬಾಟಲಿ ತೆಗೆದು ಅವನ ಕೈಗೆ ಕೊಟ್ಟು, ತಂಡದ ಮುಂದಕ್ಕೆ ಹೋಗಿ ನಡೆಯತೊಡಗಿದಳು.

ಚಾಮರಾಜನಗರ ದಾಟಿ, ಸಂತೆಮರಹಳ್ಳಿ, ಯಳಂದೂರು, ಕೊಳ್ಳೇಗಾಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಅನ್ನುತ್ತಾರೆ. ಆ ವರ್ಷ ಅದಕ್ಕೂ ಮೊದಲೇ ಓಡಿಹೋಗಿತ್ತು. ಹಗಲು ಟಾರು ಕಾದು ಕಾಲಿಗೆ ಅಂಟುತ್ತಿತ್ತು. ದಾರಿಯುದ್ದಕ್ಕೂ ಜನ ಮಜ್ಜಿಗೆ, ಪಾನಕ, ಕಲ್ಲಂಗಡಿ ಹೋಳು ಹಿಡಿದು ನಿಂತಿರುತ್ತಿದ್ದರು. ಅಕ್ಕ ಯಾವಾಗಲೂ ಮುಂದೆ. ನಾನು ನಡುವೆ ಎಲ್ಲೋ ಕುಂಟುತ್ತ. ಸಿದ್ದರಾಜಣ್ಣ ಎಲ್ಲರಿಗಿಂತ ಹಿಂದೆ. ಅವರಿಬ್ಬರೂ ಗಂಡ ಹೆಂಡತಿ ಎಂದು ದಾರಿಯಲ್ಲಿ ಸೇರಿಕೊಂಡ ಬೇರೆ ಊರಿನವರಿಗೆ ಗೊತ್ತೇ ಆಗಲಿಲ್ಲ. ಯಳಂದೂರಿನಲ್ಲಿ ಕಾವ್ಯ ಗಂಡನೊಂದಿಗೆ ರಸ್ತೆಗೆ ಬಂದು ಎಲ್ಲರಿಗೂ ಇಡ್ಲಿ ಕೊಟ್ಟಳು. ತಾಯಿಯನ್ನು ಒಂದು ಸಲ, ಬಹಳ ಹಿಂದೆ ಬರುತ್ತಿದ್ದ ತಂದೆಯನ್ನು ಒಂದು ಸಲ ನೋಡಿ, ನನ್ನ ಕಿವಿಯಲ್ಲಿ, "ಏನತ್ತೆ ಇದು?" ಅಂದಳು. "ನನಗೆ ಗೊತ್ತಿದ್ರೆ ತಾನೇ," ಅಂದೆ.

ಹನೂರು ದಾಟಿದ ಮೇಲೆ ನನ್ನ ಅಂಗಾಲಿನ ಬೊಬ್ಬೆ ಒಡೆಯಿತು. ರಸ್ತೆ ಪಕ್ಕದ ಹುಣಸೆಮರದ ಕೆಳಗೆ ಕುಳಿತುಬಿಟ್ಟೆ. ತಂಡ ಮುಂದೆ ಹೋಯಿತು. ಅಕ್ಕ ಮಾತ್ರ ಹಿಂದಕ್ಕೆ ಬಂದಳು. ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹಳೇ ಸೀರೆಯ ಚೂರು ಸುತ್ತುತ್ತ, ನಾನು ಕೇಳದೆಯೇ ಹೇಳತೊಡಗಿದಳು.

"ಕಾವ್ಯನ ಮದ್ವ ಆಗಿ ತಿಂಗ್ಳಾಗಿತ್ತು. ಪೋನ್ ಮಾಡಿ ಅಳ್ತಿತ್ತು. ಏನ್ ತೊಂದ್ರ ಅಂದೆ. ಏನೂ ಇಲ್ಲ, ಎಲ್ರೂ ಒಳ್ಳೇರೆ ಅಂತು. ಆಮ್ಯಾಲ ಕೇಳ್ತು, ಅವ್ವ, ಆ ಮನ ನಂದು ಅಂತ ನಿಂಗ ಅನ್ಸಕ್ಕ ಎಷ್ಟು ದಿಸ ಬೇಕಾಯ್ತು ಅಂತ."

"ನೀವೇನಂದ್ರಿ?"

"ಆಯ್ತದ ಬುಡು, ಒಂದ್ ವರ್ಸ ಅಂದ್ಬುಟ್ಟೆ. ಸುಳ್ಳು ಕಣಮ್ಮಿ. ಪೋನ್ ಮಡಗಿ ಹುಡುಕ್ದೆ. ಒಲೆ ಮುಂದ ಕೂತ್ಕಂಡು ಹುಡುಕ್ದೆ, ಹೂ ಕುಯ್ಯುವಾಗ ಹುಡುಕ್ದೆ. ಆ ದಿಸ ಯಾವ್ದು ಅಂತ ಸಿಕ್ಲೇ ಇಲ್ಲ. ನಿಮ್ಮಣ್ಣ ಕೆಟ್ಟೋನಲ್ಲ. ನನ್ನ ಒಂದ್ ದಿಸ ಹೊರಗಿನೋಳು ಅಂದಿಲ್ಲ. ಆದ್ರೂವ ಸಿಕ್ಲಿಲ್ಲ."

ಬಟ್ಟೆಗೆ ಗಂಟು ಹಾಕಿದಳು.

"ಅಂಗಾರ ತವರೇ ನನ್ ಮನಯೇನೋ ಅಂತ ಬಂದೆ. ಅಲ್ಲಿ ನಮ್ಮವ್ವ ಸೊಪ್ಪು ಬೆಳೀತಿದ್ದ ಜಾಗ ಇತ್ತಲ್ಲ, ಅಗುದ್ರ ಏನಾರ ತಿಳಿದಾತೇನೋ ಅಂತ ಅಗುದೆ. ನಾಗ ಭಾಗ ಬೇಕಾ ಅಂದ. ಅವನ್ ತಪ್ಪಲ್ಲ. ನೀ ಹೇಳು, ನಿಂಗ ಯಾವತ್ತು ಅನ್ಸುತು?"

ನಾನು ಬೇಗೂರಿನವಳು. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಗೃಹಪ್ರವೇಶದ ದಿನವೇ? ಮೊದಲ ಮಗು ಹುಟ್ಟಿದ ದಿನವೇ? ನನ್ನ ಸಂಬಳದಲ್ಲಿ ಅಡುಗೆಮನೆಗೆ ಕಲ್ಲು ಹಾಕಿಸಿದ ದಿನವೇ? ಒಂದೊಂದನ್ನೂ ನೆನೆದು ನೋಡಿದೆ. ಯಾವುದೂ ಅಲ್ಲ ಅನ್ನಿಸಿತು. ಆಮೇಲೆ ತಟ್ಟನೆ ಹೊಳೆಯಿತು. ಹೇಳಬಾರದೇನೋ ಅನ್ನಿಸಿದರೂ ಆ ಬಿಸಿಲಲ್ಲಿ, ಆ ನೋವಲ್ಲಿ, ಬಾಯಿಂದ ಬಂದೇಬಿಟ್ಟಿತು.

"ನೀವು ಹಿತ್ತಲಿಗೆ ಗುದ್ದಲಿ ಹಾಕಿದ್ರಲ್ಲಕ್ಕ, ಆವತ್ತು."

ಅಕ್ಕ ನನ್ನನ್ನೇ ದಿಟ್ಟಿಸಿ ನೋಡಿದಳು. ಸಿಟ್ಟು ಬಂತೆಂದುಕೊಂಡೆ. ಅವಳು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಮರಕ್ಕೆ ತಲೆ ಆನಿಸಿ, ದಾರಿಯಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು. "ಅಯ್ಯೋ ನಿನ್ನ! ಅಂಗಾರ ನಾನು ಸಿವರಾತ್ರಿಗಂಟ ಕೂತಿದ್ದು ನಿಂಗೊಂದ್ ಮನ ಮಾಡ್ಕೊಡಕ್ಕಾ!" ಕಣ್ಣೀರು ಒರೆಸಿಕೊಂಡಳು. ಅದು ನಗುವಿನದೋ ಬೇರೆಯದೋ ನನಗೆ ತಿಳಿಯಲಿಲ್ಲ. ಹಿಂದೆ ಬರುತ್ತಿದ್ದ ಸಿದ್ದರಾಜಣ್ಣ ಅಷ್ಟರಲ್ಲಿ ನಮ್ಮ ಹತ್ತಿರ ಬಂದಿದ್ದ. ನಿಲ್ಲಬೇಕೋ ದಾಟಿ ಹೋಗಬೇಕೋ ತಿಳಿಯದೆ, ಸ್ವಲ್ಪ ದೂರದ ಮೈಲಿಗಲ್ಲಿನ ಮೇಲೆ ಕುಳಿತ. ನಾವು ಎದ್ದ ಮೇಲೆಯೇ ಎದ್ದ.

ತಾಳಬೆಟ್ಟದಿಂದ ಕಾಡಿನ ಏರು. ಕಲ್ಲು ಮೆಟ್ಟಿಲು, ಬಿದಿರು, ಜನ, ಉಘೇ ಉಘೇ. ಮೇಲೆ ಸಾಲಿನಲ್ಲಿ ನಿಂತು ದರ್ಶನವಾಯಿತು. ಅಕ್ಕ ಗರ್ಭಗುಡಿಯ ಮುಂದೆ ಕೈ ಮುಗಿದಳು. ಏನು ಕೇಳಿಕೊಂಡಳೋ, ಏನೂ ಕೇಳಲಿಲ್ಲವೋ. ಆಮೇಲೆ ಪೊರಕೆ ಹಿಡಿದು ಗುಡಿಯ ಅಂಗಳದ ಒಂದು ಭಾಗ ಗುಡಿಸಿದಳು. ನಾನು ಕಲ್ಲುಕಂಬದ ನೆರಳಲ್ಲಿ ಕಾಲು ಚಾಚಿ ಕುಳಿತಿದ್ದೆ, ಪಕ್ಕದಲ್ಲಿ ಸಿದ್ದರಾಜಣ್ಣ.

"ನಿಮ್ಮದೇನು ಹರಕೆ ಅಣ್ಣ?" ಎಂದು ಕೇಳಿದೆ.

"ನಂಗೇನೂ ಇಲ್ಲ ತಾಯಿ." ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ, "ಮದ್ವ ಆದಾಗಿಂದ ಎಲ್ಲಿಗ್ ಓದ್ರೂ ನಾ ಮುಂದ, ಅವ್ಳು ಹಿಂದ. ಈ ಸಲ ಅವ್ಳು ಮುಂದ. ಅವ್ಳ ನಡಿಗ ಇಷ್ಟು ಬಿರ್ಸು ಅಂತ ನಂಗ ಗೊತ್ತೇ ಇರ್ಲಿಲ್ಲ."

ಅಷ್ಟು ಹೇಳಿ ಅವನು ಗುಡಿಸುತ್ತಿದ್ದ ಅವಳನ್ನೇ ನೋಡುತ್ತ ಕುಳಿತ.

ಪ್ರಸಾದ ಉಂಡು ಬಸ್ ನಿಲ್ದಾಣಕ್ಕೆ ಬಂದೆವು. ಗಂಡ ಆಟೋ ನಿಲ್ಲಿಸಿದ ಕಡೆಗೆ ಗಂಟುಮೂಟೆ ಸಾಗಿಸುತ್ತಿದ್ದ. ಅಕ್ಕನ ಬ್ಯಾಗು ಅವಳ ಕೈಯಲ್ಲೇ ಇತ್ತು. ನಮ್ಮ ಜೊತೆ ಬರುವಳೋ, ಅವನ ಜೊತೆ ಹೋಗುವಳೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವಳು ಫೋನು ತೆಗೆದು ಮಗಳಿಗೆ ಮಾಡಿದಳು. ಜನರ ಗಲಾಟೆಗೆ ಜೋರಾಗಿಯೇ ಮಾತಾಡಿದಳು.

"ಕಾವ್ಯ, ಅವತ್ತು ಒಂದ್ ವರ್ಸ ಅಂದಿದ್ನಲ್ಲ, ಅದು ಸುಳ್ಳು ಕಣವ್ವ. ನಂಗಿನ್ನೂ ಅನ್ಸಿಲ್ಲ. ಇಷ್ಟ್ ವರ್ಸ ಆಯ್ತು, ಇನ್ನೂ ಅನ್ಸಿಲ್ಲ. ನೀನೂ ಹೆದ್ರಕಬ್ಯಾಡ. ಅನ್ಸಿದ್ ದಿಸ ನಿಂಗ ಪೋನ್ ಮಾಡ್ತೀನಿ."

ಸಿದ್ದರಾಜಣ್ಣ ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದ. ಪ್ರತಿ ಮಾತೂ ಅವನ ಕಿವಿಗೆ ಬಿತ್ತು. ಅವನ ಮುಖದಲ್ಲಿ ನೋವಿತ್ತೇ, ನಾಚಿಕೆಯಿತ್ತೇ, ಈಗಲೂ ಹೇಳಲಾರೆ. ಅವಳು ಫೋನು ಇಟ್ಟ ಮೇಲೆ ಬಾಟಲಿಯ ಮುಚ್ಚಳ ತೆಗೆದುಕೊಟ್ಟ. ಅವಳು ಕುಡಿದಳು. ಕೊಳ್ಳೇಗಾಲದ ಬಸ್ಸು ಬಂದು ನಿಂತಿತು. ಅಕ್ಕ ನನ್ನ ಕೆನ್ನೆ ಸವರಿ, "ಕೊತ್ತಂಬ್ರಿ ಬಲಿಯಕ್ಕ ಬುಡ್ಬ್ಯಾಡ, ಕಿತ್ಕೊ," ಎಂದು ಹೇಳಿ ಹತ್ತಿದಳು. ಅವನು ಅವಳ ಹಿಂದೆ ಹತ್ತಿದ. ಕಿಟಕಿಯ ಪಕ್ಕ ಅವಳು, ಈಚೆಗೆ ಅವನು.

ಆ ಫೋನು ಇನ್ನೂ ಬಂದಿಲ್ಲವೆಂದು ಕಾವ್ಯ ಈಗಲೂ ಸಿಕ್ಕಾಗಲೆಲ್ಲ ಹೇಳುತ್ತಾಳೆ. ಹೇಳುವಾಗ ಅವಳು ಅಳುವುದಿಲ್ಲ, ನಗುತ್ತಾಳೆ.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಗಂಡ ಕೊನೆಯ ಗಂಟು ಹೆಗಲಿಗೇರಿಸಿಕೊಂಡು ಬಂದ. ಸುತ್ತ ನೋಡಿದ.

"ಅಕ್ಕ ಎಲ್ಲಿ? ಮನಗ ಓದ್ಲಾ?"

ಹೌದು ಅನ್ನಲು ಬಾಯಿ ತೆರೆದವಳು ತಡೆದುಕೊಂಡೆ.

"ಹಂಗಳಕ್ಕೆ ಹೋದ್ರು," ಎಂದೆ.